ವಿಮಾನದಲ್ಲಿ ಮದ್ಯದ ಮಿತಿ: ನಿರಾಕರಿಸುವ ಹೊಣೆ ಯಾರದು?

ವಿಮಾನದಲ್ಲಿ ಮದ್ಯ ಎಂದಕೂಡಲೇ ನಮ್ಮಲ್ಲಿ ಚರ್ಚೆ ಎರಡು ದಾರಿ ಹಿಡಿಯುತ್ತದೆ. ಕುಡಿತವೇ ತಪ್ಪು, ಪೂರ್ತಿ ನಿಲ್ಲಿಸಿ ಎನ್ನುವವರು ಒಂದು ಕಡೆ; ದುಬಾರಿ ಟಿಕೆಟ್ ಕೊಂಡ ವಯಸ್ಕರ ಲೋಟವನ್ನು ಅಳೆಯಲು ನೀವು ಯಾರು ಎನ್ನುವವರು ಇನ್ನೊಂದು ಕಡೆ. ಈ ವಾಗ್ವಾದದಲ್ಲಿ ಬಾಟಲಿ ಹಿಡಿದು ಆಸನಗಳ ನಡುವೆ ನಿಂತಿರುವ ಕ್ಯಾಬಿನ್ ಸಿಬ್ಬಂದಿಯ ಮಾತು ಬರುವುದೇ ಅಪರೂಪ. ಪ್ರತಿ ಪ್ರಯಾಣಿಕರಿಗೆ ಕೊಡಬಹುದಾದ ಮದ್ಯಕ್ಕೆ ಅಂಕಿಯಲ್ಲಿ ನಿಗದಿಯಾದ ಮಿತಿ ಬೇಕು, ಮತ್ತು ಆ ಮಿತಿಯ ಮುಖ್ಯ ಸಮರ್ಥನೆ ಕುಡಿಯುವವರ ಆರೋಗ್ಯದಲ್ಲಲ್ಲ, ಬಡಿಸುವವರ ರಕ್ಷಣೆಯಲ್ಲಿದೆ ಎಂಬುದು ಈ ಲೇಖನದ ವಾದ. ಭಾರತದಲ್ಲಿ ದೇಶದೊಳಗಿನ ಹಾರಾಟಗಳಲ್ಲಿ ಮದ್ಯ ನೀಡುವುದಿಲ್ಲ. ವಿದೇಶಿ ಮಾರ್ಗಗಳಲ್ಲಿ ಎಷ್ಟು ನೀಡಬೇಕೆಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಆಯಾ ಸಂಸ್ಥೆಯ ವಿವೇಚನೆಗೆ ಬಿಟ್ಟಿದೆ. ಅದರ ಬದಲು ನಿಯಮಗಳು ವಿವರವಾಗಿ ಹೇಳುವುದು ಅನಾಹುತ ನಡೆದ ಮೇಲಿನ ಕ್ರಮವನ್ನು. 2017ರಲ್ಲಿ ಪರಿಷ್ಕೃತವಾದ ನಿಯಮಾವಳಿ ದುರ್ವರ್ತನೆಯನ್ನು ಮೂರು ಹಂತಗಳಾಗಿ ವಿಂಗಡಿಸಿ, ಮಾತಿನ ಕಿರುಕುಳಕ್ಕೆ 3 ತಿಂಗಳವರೆಗೆ, ಮೈಮುಟ್ಟಿದ ಕಿರುಕುಳಕ್ಕೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತರುವ ಕೃತ್ಯಕ್ಕೆ ಕನಿಷ್ಠ 2 ವರ್ಷ ವಿಮಾನಯಾನ ನಿಷೇಧ ವಿಧಿಸಲು ಅವಕಾಶ ಕೊಟ್ಟಿದೆ. ಶಿಕ್ಷೆಗೆ ಅಳತೆಯಿದೆ; ಅದಕ್ಕೆ ಮೊದಲು ಲೋಟಕ್ಕೆ ಸುರಿಯುವುದಕ್ಕೆ ಇಲ್ಲ.

ಈ ಕೊರತೆಯ ಬೆಲೆ ಏನೆಂಬುದು 2022ರ ನವೆಂಬರ್ 26ರ ನ್ಯೂಯಾರ್ಕ್–ದೆಹಲಿ ಏರ್ ಇಂಡಿಯಾ ಹಾರಾಟದ ಪ್ರಕರಣದಲ್ಲಿ ಕಾಣುತ್ತದೆ. ಬಿಸಿನೆಸ್ ಕ್ಲಾಸ್‌ನ ಪ್ರಯಾಣಿಕನೊಬ್ಬ ಅಮಲಿನಲ್ಲಿ ವೃದ್ಧ ಸಹಪ್ರಯಾಣಿಕರೊಬ್ಬರ ಮೇಲೆ ಮೂತ್ರ ಮಾಡಿದನೆಂಬ ಆರೋಪ ದೇಶವನ್ನೇ ಬೆಚ್ಚಿಬೀಳಿಸಿತು. ಸಂಸ್ಥೆಯ ಸಮಿತಿ ಆತನಿಗೆ 4 ತಿಂಗಳ ನಿಷೇಧ ವಿಧಿಸಿತು. ಡಿಜಿಸಿಎ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿ, ಮುಖ್ಯ ಪೈಲಟ್‌ನ ಪರವಾನಗಿಯನ್ನು 3 ತಿಂಗಳು ಅಮಾನತಿನಲ್ಲಿಟ್ಟಿತು. ನಾಲ್ವರು ಕ್ಯಾಬಿನ್ ಸಿಬ್ಬಂದಿ ತನಿಖೆ ಮುಗಿಯುವವರೆಗೆ ಕರ್ತವ್ಯದಿಂದ ಹೊರಗುಳಿಯಬೇಕಾಯಿತು. ಮದ್ಯ ಬಡಿಸಿದ ರೀತಿಯೂ ತನಿಖೆಯ ವಿಷಯವಾಗಿತ್ತು. ಆಂತರಿಕ ವಿಚಾರಣೆಯ ನಂತರ ಸಂಸ್ಥೆ ಹೇಳಿದ್ದು ಮಾತ್ರ ಗಮನಾರ್ಹ: ಆತನಿಗೆ ಅತಿಯಾಗಿ ಮದ್ಯ ಕೊಟ್ಟಿರಲಿಲ್ಲ, ಆತ ಅಮಲೇರಿದವನಂತೆ ಸಿಬ್ಬಂದಿಗೆ ಕಾಣಲೂ ಇಲ್ಲ. ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ತೀರ್ಮಾನಿಸಲಿ. ನಮ್ಮ ಚರ್ಚೆಗೆ ಬೇಕಾದದ್ದು ಆ ಹೇಳಿಕೆಯ ಸ್ವರೂಪ. ‘ಅತಿ’ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ಅಳತೆ ಇಲ್ಲದಿರುವಾಗ, ಅತಿಯಾಗಲಿಲ್ಲ ಎಂದು ಸಾಬೀತುಪಡಿಸುವುದೂ ಕಷ್ಟ, ಅತಿಯಾಯಿತು ಎಂದು ತೋರಿಸುವುದೂ ಕಷ್ಟ. ಸಿಬ್ಬಂದಿಯ ನಿರ್ದೋಷಿತ್ವ ಅವರ ಅನಿಸಿಕೆಯ ಮೇಲೆಯೇ ನಿಲ್ಲಬೇಕಾಗುತ್ತದೆ.

ಅನಿಸಿಕೆಯನ್ನು ನೆಚ್ಚಿಕೊಂಡ ಕಾನೂನು ನಮ್ಮದೊಂದೇ ಅಲ್ಲ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಸಂಸ್ಥೆಯೇ ಬಡಿಸಿದ ಮದ್ಯವನ್ನಲ್ಲದೆ ಬೇರೆಯದನ್ನು ವಿಮಾನದಲ್ಲಿ ಕುಡಿಯುವಂತಿಲ್ಲ. ಅಮಲೇರಿದಂತೆ ಕಾಣುವವರಿಗೆ ಬಡಿಸುವಂತಿಲ್ಲ, ಅವರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ. ಮೊದಲನೆಯ ಭಾಗ ಸ್ಪಷ್ಟ, ಜಾರಿಗೂ ಸುಲಭ. ಎರಡನೆಯದು ‘ಕಾಣುವ’ ಎಂಬ ಮಾತಿಗೆ ಜೋತುಬಿದ್ದಿದೆ. ಹೊಟ್ಟೆಗಿಳಿದ ಮದ್ಯ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೂ ಹಿಡಿಯಬಹುದು. ಅಷ್ಟರಲ್ಲಿ ಇನ್ನೆರಡು ಲೋಟ ಬಂದಿರುತ್ತದೆ, ಕ್ಯಾಬಿನ್ ದೀಪ ಮಂಕಾಗಿರುತ್ತದೆ. 2021ರಲ್ಲಿ ಆರಂಭವಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟದಂಥ ಸುದೀರ್ಘ ಪಯಣಗಳಲ್ಲಿ ಸಿಬ್ಬಂದಿ ಸರದಿಯ ಮೇಲೆ ವಿಶ್ರಾಂತಿಗೆ ಹೋಗುತ್ತಾರೆ. ಮೊದಲ ಲೋಟ ಕೊಟ್ಟವರು ನಾಲ್ಕನೆಯದನ್ನು ಕೊಡುವಾಗ ಅಲ್ಲಿರುವುದಿಲ್ಲ. ಮದ್ಯದ ಪರಿಣಾಮ ಮೇಲ್ನೋಟಕ್ಕೆ ಸಿಗುವುದಿಲ್ಲ ಎಂಬುದಕ್ಕೆ ಜರ್ಮನಿಯ ಕಲೋನ್‌ನ ವಿಜ್ಞಾನಿಗಳು 2024ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ಪುರಾವೆ. ವಿಮಾನದ ಒಳಗಾಳಿಯ ಒತ್ತಡ ಸುಮಾರು 8000 ಅಡಿ ಎತ್ತರದ ಬೆಟ್ಟದ ಮೇಲಿನದಕ್ಕೆ ಸಮನಾಗುವಷ್ಟು ಇಳಿಯಬಹುದು. ಆ ಒತ್ತಡದಲ್ಲಿ, ಎರಡು ಕ್ಯಾನ್ ಬಿಯರ್‌ಗೆ ಸಮನಾದಷ್ಟು ಮದ್ಯ ಕುಡಿದು ಮಲಗಿದ ಆರೋಗ್ಯವಂತ ಯುವಜನರ ರಕ್ತದ ಆಮ್ಲಜನಕ ಪ್ರಮಾಣ ಶೇ. 85ರ ಆಸುಪಾಸಿಗೆ ಕುಸಿಯಿತು, ಹೃದಯಬಡಿತ ನಿಮಿಷಕ್ಕೆ 88ರ ಹತ್ತಿರಕ್ಕೆ ಏರಿತು. ನೋಡುವವರಿಗೆ ಅವರು ನೆಮ್ಮದಿಯಾಗಿ ನಿದ್ರಿಸುತ್ತಿರುವ ಪ್ರಯಾಣಿಕರು.

ಮೊದಲ ಆಕ್ಷೇಪ ಸಹಜವಾದದ್ದು: ಒಬ್ಬೊಬ್ಬರ ದೇಹ ಒಂದೊಂದು ಬಗೆ, ಎರಡೇ ಲೋಟಕ್ಕೆ ತೂರಾಡುವವರಿದ್ದಾರೆ, ನಾಲ್ಕಕ್ಕೂ ಅಲುಗದವರಿದ್ದಾರೆ, ಎಲ್ಲರಿಗೂ ಒಂದೇ ಅಂಕಿ ಹೇಗೆ ನ್ಯಾಯ? ಮಿತಿಯನ್ನು ವೈದ್ಯಕೀಯ ಸತ್ಯವೆಂದು ಭಾವಿಸಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಮಿತಿ ಇರುವುದು ಬೇರೆ ಕೆಲಸಕ್ಕೆ. ಇಪ್ಪತ್ತೈದರ ಹರೆಯದ ಸಿಬ್ಬಂದಿಯೊಬ್ಬರು, ಸಂಸ್ಥೆಗೆ ಲಕ್ಷಾಂತರ ರೂಪಾಯಿಯ ವ್ಯವಹಾರ ತರುವ ಪ್ರಯಾಣಿಕರೊಬ್ಬರ ಎದುರು ನಿಂತು ‘ನಿಮಗೆ ಜಾಸ್ತಿಯಾಗಿದೆ ಸರ್’ ಎಂದಾಗ ಅದು ವ್ಯಕ್ತಿಯ ಮೇಲಿನ ತೀರ್ಪಾಗುತ್ತದೆ, ಅವಮಾನವಾಗುತ್ತದೆ, ದೂರಾಗಿ ಮೇಲಧಿಕಾರಿಯ ಮೇಜಿಗೆ ಹೋಗುತ್ತದೆ. ‘ಇಷ್ಟಕ್ಕಿಂತ ಹೆಚ್ಚು ಕೊಡಲು ನಿಯಮವಿಲ್ಲ’ ಎಂದರೆ ಅದು ಯಾರ ಮೇಲಿನ ಆರೋಪವೂ ಅಲ್ಲ. 2023ರ ಜನವರಿಯಲ್ಲಿ ಏರ್ ಇಂಡಿಯಾ ತನ್ನ ನೀತಿಯನ್ನು ತಿದ್ದಿ, ಹಸಿರು, ಹಳದಿ, ಕೆಂಪು ಎಂಬ ಸಂಕೇತಗಳಿಂದ ಪ್ರಯಾಣಿಕರ ಸ್ಥಿತಿ ಗುರುತಿಸುವ ಕ್ರಮ ಸೇರಿಸಿತು. ಕಡೆಯದೊಂದು ಪೆಗ್ ಎಂಬ ಒತ್ತಾಯಕ್ಕೆ ಮಣಿಯಬೇಡಿ ಎಂದೂ ಸಿಬ್ಬಂದಿಗೆ ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಬಣ್ಣವನ್ನು ಗುರುತಿಸಬೇಕಾದವರು ಮತ್ತೆ ಅದೇ ಸಿಬ್ಬಂದಿ. ತೀರ್ಪಿನ ಭಾರ ಕದಲಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಮಲು ವಿಮಾನದಲ್ಲಿ ಶುರುವಾಗುವುದೇ ಇಲ್ಲ, ನಿಲ್ದಾಣದ ಬಾರಿನಲ್ಲಿ ಶುರುವಾಗುತ್ತದೆ. ಆಕಾಶದಲ್ಲಿ ಲೋಟ ಎಣಿಸಿ ಫಲವೇನು? ಐರ್ಲೆಂಡಿನ ರಯಾನ್‌ಏರ್ ಸಂಸ್ಥೆ ಹಲವು ವರ್ಷಗಳಿಂದ ಇದನ್ನೇ ಹೇಳುತ್ತ, ಬೋರ್ಡಿಂಗ್ ಪಾಸ್ ತೋರಿಸಿದರಷ್ಟೇ ಮದ್ಯ, ಅದೂ ಒಬ್ಬರಿಗೆ ಎರಡೇ ಎಂಬ ಮಿತಿಯನ್ನು ನಿಲ್ದಾಣಗಳಲ್ಲಿ ತರಬೇಕೆಂದು ಒತ್ತಾಯಿಸುತ್ತಿದೆ. ಬ್ರಿಟನ್‌ನಲ್ಲಿ ಭದ್ರತಾ ತಪಾಸಣೆ ದಾಟಿದ ಮೇಲಿನ ಮಳಿಗೆಗಳಿಗೆ ಮದ್ಯ ಪರವಾನಗಿಯ 2003ರ ಕಾಯ್ದೆ ಅನ್ವಯಿಸುವುದಿಲ್ಲ. ಈ ವಿನಾಯಿತಿ ಬೇಕೇ ಎಂದು ಅಲ್ಲಿನ ಗೃಹ ಇಲಾಖೆ 2018ರಲ್ಲಿ ಸಾರ್ವಜನಿಕರಿಂದ ಅಭಿಪ್ರಾಯ ಕೇಳಿತ್ತು. ರಯಾನ್‌ಏರ್‌ನ ಬೇಡಿಕೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ತನ್ನ ವಿಮಾನದೊಳಗೆ ತಾನೂ ಮದ್ಯ ಮಾರುವ ಸಂಸ್ಥೆ ಮಿತಿಯನ್ನು ನಿಲ್ದಾಣಕ್ಕಷ್ಟೇ ಕೇಳಿದರೆ ವಾದದ ನೈತಿಕ ಬಲ ಅರ್ಧವಾಗುತ್ತದೆ. ಬೋರ್ಡಿಂಗ್ ಪಾಸ್‌ನ ಮೇಲೆ ನಿಲ್ದಾಣದಲ್ಲಿ ಕುಡಿದದ್ದನ್ನು ದಾಖಲಿಸಬಹುದಾದರೆ, ಒಳಗೆ ಕುಡಿದದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಬಹುದು. ಈ ಆಕ್ಷೇಪ ಮಿತಿಯನ್ನು ಬೀಳಿಸುವುದಿಲ್ಲ, ನೆಲದವರೆಗೂ ವಿಸ್ತರಿಸಬೇಕೆಂದು ಕೇಳುತ್ತದೆ.

ಮೂರನೆಯವರು ಹೇಳುವುದು, ಗಲಾಟೆಗೆ ಮದ್ಯವೇ ಕಾರಣವಲ್ಲ ಎಂದು. ಅವರ ಬಳಿಯೂ ಸಾಕ್ಷ್ಯವಿದೆ. 2021ರಲ್ಲಿ ಅಮೆರಿಕದ ವಿಮಾನ ಸಂಸ್ಥೆ ಸೌತ್‌ವೆಸ್ಟ್ ಮದ್ಯ ಸೇವೆಯನ್ನೇ ತಡೆಹಿಡಿದಿತ್ತು, ಅಮೆರಿಕನ್ ಏರ್‌ಲೈನ್ಸ್ ತನ್ನ ಮುಖ್ಯ ಕ್ಯಾಬಿನ್‌ನಲ್ಲಿ ಕೊಡುತ್ತಿರಲಿಲ್ಲ. ಆದರೂ ಅದೇ ವರ್ಷ ಅಮೆರಿಕದಲ್ಲಿ ದಾಖಲಾದ ಪ್ರಯಾಣಿಕರ ದುರ್ವರ್ತನೆಯ ವರದಿಗಳು 6000ದ ಹತ್ತಿರ ಮುಟ್ಟಿದವು. ಅವುಗಳಲ್ಲಿ ಹೆಚ್ಚಿನವು ಮಾಸ್ಕ್ ಧರಿಸುವ ವಿಷಯಕ್ಕೆ ಸಂಬಂಧಿಸಿದವು. ವಿಮಾನದಲ್ಲಿ ಫಸ್ಟ್ ಕ್ಲಾಸ್ ವಿಭಾಗ ಇರುವುದಕ್ಕೂ ಹಿಂದಿನ ಸಾಲುಗಳಲ್ಲಿ ಗಲಾಟೆ ಹೆಚ್ಚುವುದಕ್ಕೂ ಸಂಬಂಧವಿದೆ ಎಂದು 2016ರ ಅಧ್ಯಯನವೊಂದು ತೋರಿಸಿದೆ. ಇವೆಲ್ಲ ನಿಜ. ಮಾಸ್ಕ್ ಕಡ್ಡಾಯ 2022ರಲ್ಲಿ ಕೊನೆಗೊಂಡಿತು, ಗಲಾಟೆ ಕೊನೆಗೊಳ್ಳಲಿಲ್ಲ. ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಐಯಾಟಾದ ಲೆಕ್ಕದಲ್ಲಿ 2022ರಲ್ಲಿ 568 ಹಾರಾಟಕ್ಕೊಂದು ಇದ್ದ ಘಟನೆ 2023ರಲ್ಲಿ 480ಕ್ಕೊಂದಾಯಿತು. ಸಾಮಾನ್ಯ ಬಗೆಗಳಲ್ಲಿ ಅಮಲೂ ಒಂದು. ಹಲವು ಕಾರಣಗಳಿರುವಾಗ, ಸಂಸ್ಥೆ ತನ್ನ ಕೈಯಾರೆ ಪ್ರಯಾಣಿಕರ ಕೈಗಿಡುವ ಕಾರಣ ಇದೊಂದೇ. ಅದನ್ನು ತಡೆಯಲು ಬೇರೆಲ್ಲ ಕಾರಣಗಳು ತೀರುವವರೆಗೆ ಕಾಯಬೇಕಿಲ್ಲ. ಪೂರ್ತಿ ನಿಷೇಧಕ್ಕೂ ಇದೇ ಪುರಾವೆ ಸಾಲದು. ಹೆಚ್ಚಿನವರು ಒಂದೆರಡು ಲೋಟಕ್ಕೆ ನಿಲ್ಲಿಸಿ ತಮ್ಮ ಪಾಡಿಗೆ ಸಿನಿಮಾ ನೋಡುತ್ತಾರೆ, ಅವರಿಗೆ ಮಿತಿ ತಟ್ಟುವುದೂ ಇಲ್ಲ.

ಮಿತಿ ಎಷ್ಟಿರಬೇಕೆಂಬುದನ್ನು ಹಾರಾಟದ ಅವಧಿ ನೋಡಿ ವೈದ್ಯರೂ ಸಿಬ್ಬಂದಿ ಸಂಘಗಳೂ ಕೂತು ನಿರ್ಧರಿಸಲಿ. ಆದರೆ ಮೂರು ಷರತ್ತುಗಳಿಲ್ಲದೆ ಅದು ಕಾಗದದ ಮಿತಿಯಾದೀತು. ಎರಡು ಲೋಟಗಳ ನಡುವೆ ಇಷ್ಟು ಸಮಯ ಎಂಬ ಅಂತರವಿರಬೇಕು. ಬಿಸಿನೆಸ್ ಕ್ಲಾಸ್‌ಗೂ ಎಕಾನಮಿಗೂ ಒಂದೇ ಲೆಕ್ಕ ಇರಬೇಕು, ಏಕೆಂದರೆ ಇಲ್ಲ ಎನ್ನುವುದು ಅತಿ ಕಷ್ಟವಾಗುವುದು ಮುಂದಿನ ಸಾಲುಗಳಲ್ಲಿಯೇ. ಮಿತಿಗೆ ಮೊದಲೇ ಅಪಾಯ ಕಂಡು ನಿಲ್ಲಿಸುವ ಅಧಿಕಾರವೂ ಸಿಬ್ಬಂದಿಗೆ ಉಳಿಯಬೇಕು. ಸಂಸ್ಥೆಯ ವಿವೇಚನೆ ಎಂಬ ಹೆಸರಿನಲ್ಲಿ ಕೈತೊಳೆದುಕೊಂಡಿರುವ ನಿಯಮವನ್ನು ಡಿಜಿಸಿಎ ತಿದ್ದಬೇಕು. ಮದ್ಯ ನಿರಾಕರಿಸಿದ ಕಾರಣಕ್ಕೆ ಬಂದ ಯಾವ ದೂರಿನ ಮೇಲೂ ಸಿಬ್ಬಂದಿಯ ವಿರುದ್ಧ ಶಿಸ್ತುಕ್ರಮ ಕೂಡದು ಎಂಬ ಸಾಲನ್ನು ಅದರಲ್ಲಿ ಸೇರಿಸಬೇಕು.