ಪಾಠಪಟ್ಟಿ ಹತ್ತಿದ ಘಟ್ಟ: ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕಾಲೇಜು ವಿಷಯಗಳ ಅನುಮೋದನೆಯ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಶಿಕ್ಷಣದ ಚರಿತ್ರೆಯಲ್ಲಿ ಶಾಲೆ ಕಾಲೇಜುಗಳು ಸ್ಥಾಪನೆಯಾದ ವರ್ಷ, ಜಾಗ ಕೊಟ್ಟವರ ಹೆಸರು, ವಂತಿಗೆ ಕೂಡಿಸಿದವರ ಶ್ರಮ ಇವು ಸಾಕಷ್ಟು ದಾಖಲಾಗುತ್ತವೆ. ಆದರೆ ಆ ಕಟ್ಟಡಗಳ ಒಳಗೆ ಯಾವ ವಿಷಯ ಕಲಿಸಬೇಕು, ಅದರಲ್ಲಿ ಯಾವ ಭಾಗವನ್ನು ಸೇರಿಸಿ ಯಾವುದನ್ನು ಬಿಡಬೇಕು, ಬದಲಾವಣೆಗೆ ಯಾರ ಒಪ್ಪಿಗೆ ಪಡೆಯಬೇಕು ಎಂಬ ಪ್ರಶ್ನೆಗಳಿಗೂ ತಮ್ಮದೇ ಆದ ಚರಿತ್ರೆಯಿದ್ದು, ಅದರ ಬಹುಪಾಲು ಈ ತಾಲೂಕುಗಳ ಹೊರಗೆ, ಮೊದಲು ಮುಂಬಯಿಯಲ್ಲಿ, ಅನಂತರ ಧಾರವಾಡದಲ್ಲಿ, ಇತ್ತೀಚೆಗೆ ಬೆಂಗಳೂರು ಮತ್ತು ದೆಹಲಿಗಳಲ್ಲಿ ನಡೆದಿದೆ. ಒಂದೂವರೆ ಶತಮಾನಕ್ಕೂ ಮಿಕ್ಕಿದ ಈ ಅವಧಿಯಲ್ಲಿ, ಇರುವ ವಿಷಯಗಳಲ್ಲಿ ತನಗೆ ಬೇಕಾದುದನ್ನು ಆಯ್ದುಕೊಳ್ಳುವ ಅವಕಾಶ ಘಟ್ಟದ ಕಾಲೇಜಿಗೆ ಹಂತ ಹಂತವಾಗಿ ದೊರೆಯುತ್ತ ಬಂದರೂ, ವಿಷಯದ ಒಳಹೂರಣವನ್ನು ನಿರ್ಧರಿಸುವ ಅಧಿಕಾರ ಅದೇ ಪ್ರಮಾಣದಲ್ಲಿ ಬರಲಿಲ್ಲ.

ಈ ವ್ಯತ್ಯಾಸದ ಮೂಲ ಭಾರತದ ವಿಶ್ವವಿದ್ಯಾಲಯಗಳ ರಚನೆಯಲ್ಲಿಯೇ ಇದೆ. ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂದರೆ ಆಯಾ ಊರಿನ ಸುತ್ತಮುತ್ತಲಿನವರಿಗಾಗಿ ಎರಡು ವರ್ಷದ ಪದವಿ ಮತ್ತು ಉದ್ಯೋಗ ಶಿಕ್ಷಣ ನೀಡುವ ಸಂಸ್ಥೆ; ಅಲ್ಲಿ ಹೊಸ ವಿಷಯದ ಪ್ರಸ್ತಾವವನ್ನು ಕಾಲೇಜಿನ ಅಧ್ಯಾಪಕರದೇ ಆದ ಸಮಿತಿಯೊಂದು ಪರಿಶೀಲಿಸಿ ಆಡಳಿತ ಮಂಡಳಿಯ ಮುಂದಿಡುತ್ತದೆ. ಭಾರತದಲ್ಲಿ 1854ರ ವುಡ್ ನಿರೂಪವನ್ನು ಅನುಸರಿಸಿ 1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದ್ರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯವಾಗಿದ್ದವು. ಪಾಠಪಟ್ಟಿ ರೂಪಿಸುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸವಾದರೆ, ಆ ಪಾಠಪಟ್ಟಿಯನ್ನು ಕಲಿಸಿ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಕೂರಿಸುವುದು ಅದಕ್ಕೆ ಸೇರಿದ ಕಾಲೇಜುಗಳ ಕೆಲಸವಾಯಿತು. ಕಾಲೇಜು ಹೀಗೆ ವಿಶ್ವವಿದ್ಯಾಲಯಕ್ಕೆ ಸೇರಿಕೊಳ್ಳುವುದನ್ನು ಕನ್ನಡದ ಆಡಳಿತ ಭಾಷೆಯಲ್ಲಿ ಸಂಯೋಜನೆ ಎಂದೂ, ಕಾಲೇಜು ಕಚೇರಿಗಳ ಆಡುಮಾತಿನಲ್ಲಿ ಅಫಿಲಿಯೇಶನ್ ಎಂದೂ ಕರೆಯುತ್ತಾರೆ.

ಅವಿಭಜಿತ ಕೆನರಾ ಜಿಲ್ಲೆಯಿಂದ ಬೇರೆಯಾದ ಉತ್ತರ ಕೆನರಾ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದಾಗ, ಘಟ್ಟದ ಮೇಲಿನ ಈ ತಾಲೂಕುಗಳ ಪಾಠಪಟ್ಟಿಯ ರಾಜಧಾನಿಯೂ ಬದಲಾಯಿತು. ಅಂದಿನಿಂದ ಇಲ್ಲಿನ ಹುಡುಗನೊಬ್ಬ ಮುಂದೆ ಓದಬೇಕೆಂದರೆ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್, ಅಂದರೆ ಕಾಲೇಜು ಪ್ರವೇಶದ ಅರ್ಹತೆಯನ್ನು ಅಳೆಯುವ ಪರೀಕ್ಷೆಯನ್ನು ಪಾಸು ಮಾಡಬೇಕಾಗಿತ್ತು. ಹೀಗಾಗಿ ಕಾಲೇಜೇ ಇಲ್ಲದ ಈ ಸೀಮೆಯಲ್ಲಿ ಸಹ ಹೈಸ್ಕೂಲಿನ ಪಾಠಗಳು ಮುಂಬಯಿಯ ನಿರ್ಣಯಕ್ಕೆ ತಕ್ಕಂತೆ ರೂಪುಗೊಳ್ಳುತ್ತಿದ್ದವು. ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದ ಸ್ಥಿತಿ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಸ್ವಲ್ಪ ಸಡಿಲವಾಯಿತಾದರೂ, ಆ ಕಾಲೇಜಿನ ಪಾಠಪಟ್ಟಿಯನ್ನೂ ಮುಂಬಯಿ ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತಿತ್ತು.

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಒಂದು ವಿಷಯವನ್ನು ಸೇರಿಸುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದಕ್ಕೆ ದೇಶಭಾಷೆಗಳ ಪ್ರಕರಣವೇ ಉದಾಹರಣೆ. ಆರಂಭದ ನಿಯಮಗಳಲ್ಲಿ ಸ್ಥಾನ ಪಡೆದಿದ್ದ ಮರಾಠಿ, ಗುಜರಾತಿ, ಕನ್ನಡಗಳು ಕೆಲವೇ ವರ್ಷಗಳಲ್ಲಿ ಪದವಿಯ ಮಟ್ಟದ ಪಾಠಪಟ್ಟಿಯಿಂದ ಹೊರಗಾಗಿ, ಆ ಜಾಗವನ್ನು ಸಂಸ್ಕೃತ, ಲ್ಯಾಟಿನ್ ಮೊದಲಾದ ಅಭಿಜಾತ ಭಾಷೆಗಳು ತುಂಬಿದವು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಈ ಭಾಷೆಗಳನ್ನು ಮರಳಿ ತರಲು ವಿಶ್ವವಿದ್ಯಾಲಯದ ಒಳಗೆ ವರ್ಷಗಟ್ಟಲೆ ವಾದಿಸಿದರು. 1901ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಪ್ರಯತ್ನವನ್ನು ಬಿಡಲಿಲ್ಲ. ಈ ಪ್ರಕರಣ ಸೂಚಿಸುವಂತೆ, ಕನ್ನಡ ನಾಡಿನ ವಿದ್ಯಾರ್ಥಿ ಕಾಲೇಜಿನಲ್ಲಿ ಕನ್ನಡ ಓದಬಹುದೇ ಎಂಬುದು ಕನ್ನಡಿಗರು ಅಲ್ಪಸಂಖ್ಯಾತರಾಗಿದ್ದ ಸಭೆಯೊಂದರಲ್ಲಿ, ನಾಡಿನಿಂದ ಬಹು ದೂರದಲ್ಲಿ ತೀರ್ಮಾನವಾಗಬೇಕಿತ್ತು. 1904ರಲ್ಲಿ ಕರ್ಜನ್ ಕಾಲದ ಭಾರತೀಯ ವಿಶ್ವವಿದ್ಯಾಲಯಗಳ ಕಾಯ್ದೆಯು ಸಂಯೋಜನೆಯ ನಿಯಮಗಳನ್ನು ಬಿಗಿಗೊಳಿಸಿ ಕಾಲೇಜುಗಳ ತಪಾಸಣೆಗೆ ಕಾನೂನಿನ ಬಲ ಕೊಟ್ಟಿತು. 1928ರ ಮುಂಬಯಿ ವಿಶ್ವವಿದ್ಯಾಲಯ ಕಾಯ್ದೆಯು ಪಾಠ ಮತ್ತು ಪರೀಕ್ಷೆಯ ವಿಚಾರಗಳಿಗೆಂದೇ ವಿದ್ಯಾವಿಷಯಕ ಪರಿಷತ್ತು ಎಂಬ ಅಂಗವನ್ನು ರೂಪಿಸಿತು. ಇಂದು ಕರ್ನಾಟಕದಲ್ಲಿ ಕಾಣುವ ಅನುಮೋದನೆಯ ವಿಧಾನದ ಎರಡು ಮುಖ್ಯ ಅಂಶಗಳಾದ ತಪಾಸಣೆ ಮತ್ತು ಪರಿಷತ್ತುಗಳ ಬೇರು ಈ ಎರಡು ಕಾಯ್ದೆಗಳಲ್ಲಿದೆ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾಗಿ ಧಾರವಾಡದಲ್ಲಿ ನೆಲೆಗೊಂಡಾಗ, ಪಾಠಪಟ್ಟಿಯ ಕೇಂದ್ರ ಘಟ್ಟದ ತಾಲೂಕುಗಳಿಗೆ ಹಿಂದೆಂದಿಗಿಂತಲೂ ಸಮೀಪವಾಯಿತು. ಯಲ್ಲಾಪುರ, ಕಲಘಟಗಿಗಳ ಮೂಲಕ ಬಸ್ಸಿನಲ್ಲಿ ಹೋಗಿ ಬರಬಹುದಾದ ಊರಿನಲ್ಲಿ, ಕನ್ನಡ ಬಲ್ಲವರೇ ಹೆಚ್ಚಾಗಿದ್ದ ಸಮಿತಿಗಳಲ್ಲಿ ವಿಷಯಗಳ ಚರ್ಚೆ ನಡೆಯತೊಡಗಿತು. ಈ ಸಾಮೀಪ್ಯ ಮುಂದೆ ಇನ್ನಷ್ಟು ಹೆಚ್ಚಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಬೇರೆಯಾದ ಮೇಲೆ ಧಾರವಾಡದ ವ್ಯಾಪ್ತಿ ಕಿರಿದಾಗುತ್ತ ಬಂದು, ಅದರಲ್ಲಿ ಉಳಿದ ಉತ್ತರ ಕನ್ನಡದ ಕಾಲೇಜುಗಳ ಪಾಲು ಹಿಗ್ಗಿತು.

ಶಿರಸಿಯಲ್ಲಿ 1960ರ ದಶಕದ ಆರಂಭದಲ್ಲಿ ಎಂ.ಎಂ. ಕಲಾ ಮತ್ತು ವಿಜ್ಞಾನ ಮಹಾವಿದ್ಯಾಲಯ ಪ್ರಾರಂಭವಾದುದರಿಂದ, ಪದವಿ ಶಿಕ್ಷಣವೇ ಘಟ್ಟದ ಮೇಲಕ್ಕೆ ಬಂದಂತಾಯಿತು. ಸಿದ್ದಾಪುರದ ಕಾಲೇಜಿನ ಹೆಸರಿನಲ್ಲಿಯೇ ಅನುಮೋದನೆಯ ಚರಿತ್ರೆ ಅಡಗಿದೆ. ಮಹಾತ್ಮ ಗಾಂಧಿ ಶತಮಾನೋತ್ಸವವನ್ನು ಸೂಚಿಸುವ ಎಂ.ಜಿ.ಸಿ. ಎಂಬ ಅಕ್ಷರಗಳ ಮುಂದೆ ಕಲೆ ಮತ್ತು ವಾಣಿಜ್ಯ, ಅವುಗಳ ಜೊತೆಗೆ ಜಿ.ಎಚ್.ಡಿ. ಎಂಬ ಬೇರೆ ಅಕ್ಷರಗಳನ್ನು ಹೊತ್ತ ವಿಜ್ಞಾನ ಎಂದು ಆ ಹೆಸರು ಮುಂದುವರಿಯುತ್ತದೆ. ಸಂಯೋಜನೆಯ ಪದ್ಧತಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನಗಳು ಪ್ರತ್ಯೇಕ ನಿಕಾಯಗಳು, ಅಂದರೆ ಸಂಬಂಧಪಟ್ಟ ವಿಷಯಗಳ ಗುಂಪುಗಳು. ಒಂದನ್ನು ನಡೆಸಲು ಪಡೆದ ಅನುಮತಿ ಇನ್ನೊಂದಕ್ಕೆ ಸಲ್ಲುವುದಿಲ್ಲವಾದ್ದರಿಂದ, ಕಾಲೇಜಿನ ನಾಮಫಲಕ ಉದ್ದವಾದಷ್ಟೂ ಅದರ ಹಿಂದಿನ ಅರ್ಜಿ ಮತ್ತು ತಪಾಸಣೆಗಳ ಕಡತವೂ ದಪ್ಪವಾಗುತ್ತದೆ. ಯಲ್ಲಾಪುರದ ಕಾಲೇಜು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಇಂಟರ್‌ಮೀಡಿಯೆಟ್ ವರೆಗೆ ಮಾತ್ರ ಕಲಿಸುವ ಎರಡನೆಯ ದರ್ಜೆಯ ಕಾಲೇಜುಗಳಿಂದ ಪದವಿ ಕಾಲೇಜುಗಳನ್ನು ಬೇರ್ಪಡಿಸಲು ಹುಟ್ಟಿದ ಈ ವಿಶೇಷಣ, ಎರಡನೆಯ ದರ್ಜೆಯೆಂಬುದೇ ಇಲ್ಲವಾದ ಮೇಲೂ ಉಳಿದುಕೊಂಡಿದೆ. ಖಾಸಗಿ ಕಾಲೇಜಿನಲ್ಲಿ ಹೊಸ ವಿಷಯದ ಅರ್ಜಿಯನ್ನು ಆಡಳಿತ ಮಂಡಳಿ ಸಲ್ಲಿಸಿದರೆ, ಸರ್ಕಾರಿ ಕಾಲೇಜಿನಲ್ಲಿ ಕಾಲೇಜು ಶಿಕ್ಷಣ ಇಲಾಖೆಯ ಒಪ್ಪಿಗೆಯೂ ಹುದ್ದೆಗಳ ಮಂಜೂರಾತಿಯೂ ಮೊದಲು ಬೇಕಾಗುತ್ತವೆ.

ಈ ವ್ಯವಸ್ಥೆಯಲ್ಲಿ ಬದಲಾವಣೆಯ ಪ್ರಸ್ತಾವಗಳು ಎರಡು ಬಗೆಯವು. ಎರಡರ ದಾರಿಯೂ ಬೇರೆ ಬೇರೆ. ಮೊದಲನೆಯದು, ವಿಶ್ವವಿದ್ಯಾಲಯದಲ್ಲಿ ಈಗಾಗಲೇ ಇರುವ ವಿಷಯವನ್ನು ತನ್ನಲ್ಲಿ ಆರಂಭಿಸಲು ಒಂದು ಕಾಲೇಜು ಕೇಳುವ ಅನುಮತಿ. ಪದವಿ ತರಗತಿಯಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಒಟ್ಟಿಗೆ ಓದುವ ರೂಢಿ ಇದ್ದುದರಿಂದ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಂಥ ಜೋಡಣೆಯನ್ನು ಕಾಂಬಿನೇಶನ್ ಎಂದು ಕರೆಯುತ್ತಾರೆ. ಹೊಸ ಕಾಂಬಿನೇಶನ್ ಬೇಕೆಂದು ಅರ್ಜಿ ಬಂದಾಗ, ವಿಶ್ವವಿದ್ಯಾಲಯವು ನೇಮಿಸಿದ ಸ್ಥಳೀಯ ವಿಚಾರಣಾ ಸಮಿತಿ ಕಾಲೇಜಿಗೆ ಬಂದು ಕೊಠಡಿ, ಗ್ರಂಥಾಲಯ, ಪ್ರಯೋಗಾಲಯ, ಅಧ್ಯಾಪಕರ ಅರ್ಹತೆ ಇವನ್ನು ನೋಡಿ ವರದಿ ಕೊಡುತ್ತದೆ. ಕಾಲೇಜುಗಳಲ್ಲಿ ಎಲ್‌ಐಸಿ ಎಂದೇ ಪರಿಚಿತವಾದ ಈ ಸಮಿತಿ, 1904ರ ಕಾಯ್ದೆಯ ತಪಾಸಣೆಯ ನೇರ ವಾರಸುದಾರ. ಇರುವ ಅನುಮತಿಯನ್ನು ಮುಂದುವರಿಸುವುದು, ಹೊಸ ವಿಷಯಕ್ಕೆ ವಿಸ್ತರಿಸುವುದು, ಕೊನೆಗೆ ಶಾಶ್ವತ ಸಂಯೋಜನೆ ಪಡೆಯುವುದು ಎಂಬ ಮೆಟ್ಟಿಲುಗಳನ್ನು ಏರುವಾಗ ಪ್ರತಿ ಹಂತದಲ್ಲಿಯೂ ಕಾಲೇಜು ತನ್ನ ಸಾಮರ್ಥ್ಯವನ್ನು ತೋರಿಸಿಕೊಡಬೇಕಾಗುತ್ತದೆ.

ಎರಡನೆಯದು, ವಿಷಯದ ಪಠ್ಯಕ್ರಮವನ್ನೇ ತಿದ್ದುವ ಪ್ರಸ್ತಾವ. ಇದು ಹುಟ್ಟುವುದು ಅಧ್ಯಯನ ಮಂಡಳಿಯಲ್ಲಿ. ಪ್ರತಿ ವಿಷಯಕ್ಕೂ ಇರುವ ಈ ಮಂಡಳಿಯಲ್ಲಿ ಸ್ನಾತಕೋತ್ತರ ವಿಭಾಗದ ಪ್ರಾಧ್ಯಾಪಕರು, ಸಂಯೋಜಿತ ಕಾಲೇಜುಗಳ ಕೆಲವು ಅಧ್ಯಾಪಕರು ಮತ್ತು ಹೊರಗಿನ ತಜ್ಞರು ಇರುತ್ತಾರೆ. ಮಂಡಳಿ ಒಪ್ಪಿದ ಪಠ್ಯಕ್ರಮ ನಿಕಾಯಕ್ಕೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಹಣಕಾಸು ಮತ್ತು ಆಡಳಿತದ ಹೊಣೆ ಹೊತ್ತ ಸಿಂಡಿಕೇಟ್ ಅದರ ಮೇಲಿದೆ. ವಿಶ್ವವಿದ್ಯಾಲಯದ ಮೂಲ ನಿಯಮಗಳಾದ ಪರಿನಿಯಮಗಳನ್ನೇ ಮುಟ್ಟುವ ಬದಲಾವಣೆಯಾದರೆ ಕುಲಾಧಿಪತಿಗಳಾದ ರಾಜ್ಯಪಾಲರ ಅಂಕಿತವೂ ಬೇಕು. 1976ರ ಮತ್ತು ಅದರ ಜಾಗಕ್ಕೆ ಬಂದ 2000ನೆಯ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗಳು ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಈ ರಚನೆಯನ್ನು ಸಮಾನವಾಗಿ ಅನ್ವಯಿಸಿದವು. ಸಿದ್ದಾಪುರದ ಅಧ್ಯಾಪಕರೊಬ್ಬರು ಪಠ್ಯಕ್ರಮದಲ್ಲಿ ಸೇರಬೇಕಾದುದರ ಬಗ್ಗೆ ಅಧಿಕೃತವಾಗಿ ಮಾತನಾಡಬಹುದಾದ ಸ್ಥಳ ಅಧ್ಯಯನ ಮಂಡಳಿಯ ಆ ಕೆಲವು ಕುರ್ಚಿಗಳಷ್ಟೇ. ಆ ಕುರ್ಚಿಗಳೂ ಹಲವು ಜಿಲ್ಲೆಗಳ ಅಧ್ಯಾಪಕರ ನಡುವೆ ಹಂಚಿಕೆಯಾಗಬೇಕು.

ಪದವಿಯ ಹೊರಗಿನ ಶಿಕ್ಷಣವೂ ಇದೇ ಬಗೆಯ ಕೇಂದ್ರೀಕರಣಕ್ಕೆ ಒಳಗಾಯಿತು. ಶಿರಸಿ ಸಮೀಪದ ಸೋಂದೆಯ ಸ್ವರ್ಣವಲ್ಲಿ ಮಠದಲ್ಲಿ ನಡೆಯುವಂಥ ಸಂಸ್ಕೃತ ಪಾಠಶಾಲೆಗಳ ಪರಂಪರೆಯಲ್ಲಿ, ಶಿಷ್ಯನ ಯೋಗ್ಯತೆ ನೋಡಿ ಯಾವ ಗ್ರಂಥದಿಂದ ಆರಂಭಿಸಬೇಕು, ಯಾವಾಗ ಶಾಸ್ತ್ರಪಾಠಕ್ಕೆ ದಾಟಬೇಕು ಎಂಬುದನ್ನು ಗುರುವೇ ನಿಶ್ಚಯಿಸುತ್ತಿದ್ದನು. ರಾಜ್ಯಮಟ್ಟದ ಪರೀಕ್ಷೆಗಳು ಬಂದ ಮೇಲೆ ಪ್ರಥಮ, ಕಾವ್ಯ, ಸಾಹಿತ್ಯ, ವಿದ್ವತ್ ಎಂಬ ನಿಶ್ಚಿತ ಹಂತಗಳೂ ಅವುಗಳಿಗೆ ನಿಶ್ಚಿತ ಪಠ್ಯಗಳೂ ರೂಢಿಗೆ ಬಂದವು. 2010ರಲ್ಲಿ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಪಾಠಶಾಲೆಯ ಪಾಠಕ್ಕೂ ವಿಶ್ವವಿದ್ಯಾಲಯದ ಮುದ್ರೆ ಬಿದ್ದಿತು.

ಈ ಒಟ್ಟು ಚಿತ್ರದಲ್ಲಿ ಶಿರಸಿಯ ಅರಣ್ಯ ಮಹಾವಿದ್ಯಾಲಯಕ್ಕೆ ವಿಶೇಷ ಸ್ಥಾನವಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಈ ಸೀಮೆಯಲ್ಲಿ ಕಾಡು ಸಾರ್ವಜನಿಕ ಚರ್ಚೆಯ ವಸ್ತುವಾಗಿತ್ತು. ಬೇಡ್ತಿ ಜಲವಿದ್ಯುತ್ ಯೋಜನೆಯ ಸಾಧಕ ಬಾಧಕಗಳನ್ನು ಕುರಿತು 1981ರಲ್ಲಿ ಶಿರಸಿಯಲ್ಲಿ ತಜ್ಞರೂ ತೋಟಿಗರೂ ಸೇರಿ ವಿಚಾರ ಸಂಕಿರಣ ನಡೆಸಿದ್ದರು; 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಅಪ್ಪಿಕೋ ಚಳವಳಿ ಆರಂಭವಾಗಿತ್ತು. ಅರಣ್ಯ ಇಲಾಖೆಯ ಅಧಿಕಾರಿಗಳ ತರಬೇತಿಗೆ ಸೀಮಿತವಾಗಿದ್ದ ಅರಣ್ಯಶಾಸ್ತ್ರವನ್ನು ಕೃಷಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿಯಾಗಿ ಕಲಿಸುವ ಕ್ರಮ ದೇಶದಲ್ಲಿ 1980ರ ದಶಕದ ನಡುವೆ ಆರಂಭವಾದಾಗ, ಕರ್ನಾಟಕದಲ್ಲಿ ಆ ಪದವಿಯ ಕಾಲೇಜು ಶಿರಸಿಯಲ್ಲಿ ನೆಲೆನಿಂತು, 1986ರ ಅಕ್ಟೋಬರ್ 1ರಂದು ಅಸ್ತಿತ್ವಕ್ಕೆ ಬಂದ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಭಾಗವಾಯಿತು. ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವನ್ನು ಕರ್ನಾಟಕ ವಿಶ್ವವಿದ್ಯಾಲಯ ಕಾರವಾರದಲ್ಲಿ ನಡೆಸಿದಂತೆ, ಇಲ್ಲಿಯೂ ವಿಷಯವನ್ನು ಅದರ ನೆಲದಲ್ಲಿ ಇಡಲಾಯಿತು.

ಇದು ಸಂಯೋಜಿತ ಕಾಲೇಜಲ್ಲ, ಘಟಕ ಕಾಲೇಜು. ಅಂದರೆ ವಿಶ್ವವಿದ್ಯಾಲಯದ ಸ್ವಂತ ಅಂಗ. ಆದ್ದರಿಂದ ಶಿರಸಿಯಲ್ಲಿ ಪಾಠ ಮಾಡುವವರೇ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದು, ಪಠ್ಯಕ್ರಮದ ಚರ್ಚೆಯಲ್ಲಿ ಅವರ ಪಾತ್ರ ಪಕ್ಕದ ಪದವಿ ಕಾಲೇಜಿನವರಿಗಿಂತ ದೊಡ್ಡದು. ಆದರೂ ಇಲ್ಲಿನ ಚೌಕಟ್ಟು ದೆಹಲಿಯಿಂದ ಬರುತ್ತದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಕಾಲಕಾಲಕ್ಕೆ ನೇಮಿಸುವ ಡೀನರ ಸಮಿತಿ, ಅಂದರೆ ಕೃಷಿ ಶಿಕ್ಷಣದ ಮುಖ್ಯಸ್ಥರ ಸಮಿತಿ, ದೇಶಕ್ಕೆಲ್ಲ ಸಮಾನವಾದ ಪಾಠಪಟ್ಟಿಯನ್ನು ಶಿಫಾರಸು ಮಾಡುತ್ತದೆ. 2007ರ ನಾಲ್ಕನೆಯ ಸಮಿತಿ, ಅದರ ಮುಂದಿನ ಐದನೆಯ ಮತ್ತು ಆರನೆಯ ಸಮಿತಿಗಳ ವರದಿಗಳು ಬಂದಂತೆಲ್ಲ ಅರಣ್ಯಪದವಿಯ ವಿಷಯಗಳೂ ಅವುಗಳ ತೂಕವೂ ಬದಲಾದವು. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟದಂಥ ಈ ನೆಲದ ವಿಶಿಷ್ಟ ವ್ಯವಸ್ಥೆಗಳು ಇಂಥ ರಾಷ್ಟ್ರೀಯ ಪಟ್ಟಿಯೊಳಗೆ ಬರುವುದು ಬಹುಮಟ್ಟಿಗೆ ಕ್ಷೇತ್ರಕಾರ್ಯ ಮತ್ತು ಪ್ರಬಂಧಗಳ ಬಾಗಿಲಿನಿಂದ.

ಪದವಿ ಕಾಲೇಜುಗಳ ಪಾಲಿಗೆ ಅತ್ಯಂತ ವೇಗದ ಬದಲಾವಣೆ ಬಂದದ್ದು 2021ರ ನಂತರ. ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಜಾರಿ ಮಾಡಿದ ಮೊದಲ ರಾಜ್ಯವಾಗಿ, ನಾಲ್ಕು ವರ್ಷದ ಆನರ್ಸ್ ಪದವಿಯನ್ನೂ, ವಿಜ್ಞಾನದ ವಿದ್ಯಾರ್ಥಿ ಕಲಾ ವಿಭಾಗದ ಒಂದು ವಿಷಯವನ್ನು ಓದಬಹುದಾದ ಮುಕ್ತ ಐಚ್ಛಿಕಗಳನ್ನೂ ತಂದಿತು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ರೂಪಿಸಿದ ಮಾದರಿ ಪಠ್ಯಕ್ರಮವನ್ನು ಅಧ್ಯಯನ ಮಂಡಳಿಗಳು ಕಡಿಮೆ ಅವಧಿಯಲ್ಲಿ ಅಳವಡಿಸಿಕೊಳ್ಳಬೇಕಾಯಿತು. ಪದವಿಯಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದ ಅದೇ ಕಾಲದ ಆದೇಶವು ಉಚ್ಚ ನ್ಯಾಯಾಲಯದ ಮುಂದೆ ಹೋದುದರಿಂದ, ಪಾಠಪಟ್ಟಿಯ ಅನುಮೋದನೆಯಲ್ಲಿ ನ್ಯಾಯಾಲಯವೂ ಒಂದು ಹಂತವಾಯಿತು. ಕಾಲೇಜುಗಳ ಪ್ರವೇಶ, ಪರೀಕ್ಷೆ, ಸಂಯೋಜನೆಗಳ ಕಡತಗಳು ಯುಯುಸಿಎಂಎಸ್ ಎಂಬ ರಾಜ್ಯವ್ಯಾಪಿ ಗಣಕ ವ್ಯವಸ್ಥೆಗೆ ಸೇರಿದ್ದೂ ಈ ಅವಧಿಯಲ್ಲಿಯೇ. ಮೂರು ವರ್ಷ ಕಳೆಯುವಷ್ಟರಲ್ಲಿ, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಹೊರಟ ಆದೇಶವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಇದರಿಂದ 2024–25ರಲ್ಲಿ ಒಂದೇ ಕಾಲೇಜಿನ ಮೊದಲ ವರ್ಷದವರು ಹೊಸ ಪಠ್ಯಕ್ರಮವನ್ನೂ ಮೇಲಿನ ತರಗತಿಯವರು ಹಿಂದಿನ ನೀತಿಯ ಪಠ್ಯಕ್ರಮವನ್ನೂ ಓದುವಂತಾಗಿ, ಒಬ್ಬ ಅಧ್ಯಾಪಕರೇ ಒಂದೇ ವಿಷಯವನ್ನು ಎರಡು ಚೌಕಟ್ಟುಗಳಲ್ಲಿ ಕಲಿಸಬೇಕಾದ ಸ್ಥಿತಿ ಬಂತು.

ಮುಂಬಯಿಯಿಂದ ಧಾರವಾಡಕ್ಕೆ ಬಂದಾಗ ಅನುಮೋದನೆಯ ದೂರ ಕುಗ್ಗಿತ್ತು. ರಾಜ್ಯಕ್ಕೆಲ್ಲ ಒಂದೇ ಮಾದರಿ, ದೇಶಕ್ಕೆಲ್ಲ ಒಂದೇ ಪಟ್ಟಿ ಎಂಬ ಕ್ರಮದಲ್ಲಿ ಅದು ಮತ್ತೆ ಹಿಗ್ಗಿದೆ. ಈ ಏರಿಳಿತಗಳ ನಡುವೆಯೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಲೇಜುಗಳು ತಮಗೆ ದೊರೆತ ಅವಕಾಶಗಳನ್ನು, ಅಂದರೆ ಯಾವ ನಿಕಾಯ ತೆರೆಯಬೇಕು, ಯಾವ ಕಾಂಬಿನೇಶನ್ ಕೇಳಬೇಕು, ಅಧ್ಯಯನ ಮಂಡಳಿಯ ಒಂದು ಕುರ್ಚಿಯಿಂದ ಏನು ಹೇಳಬೇಕು ಎಂಬ ಸಣ್ಣ ನಿರ್ಣಯಗಳನ್ನು ಬಳಸಿಕೊಂಡೇ ಬೆಳೆದವು. ಘಟ್ಟದ ಮೇಲಿನ ಉನ್ನತ ಶಿಕ್ಷಣದ ಚರಿತ್ರೆಯನ್ನು ಪೂರ್ಣವಾಗಿ ಬರೆಯಬೇಕಾದರೆ, ಶಿಲಾನ್ಯಾಸದ ಕಲ್ಲುಗಳ ಜೊತೆಗೆ ಆ ಅರ್ಜಿಗಳನ್ನೂ ತಪಾಸಣೆಯ ವರದಿಗಳನ್ನೂ ಮಂಡಳಿಯ ನಡಾವಳಿಗಳನ್ನೂ ಓದಬೇಕಾಗುತ್ತದೆ.