ಮಹಮೂದ್ ಗವಾನನ ಪತ್ರಕಲೆಯೂ ಮುದ್ರೆಯೂ

ಕಾರ್ಯಾಲಯಗಳ ನೌಕರರು ಸ್ಫುಟವಾಗಿ ಬರೆಯುವ, ಸಂದರ್ಭವರಿತು ತಿಳಿಸುವ ಶಕ್ತಿಯನ್ನು ಬೆಳೆಸಿಕೊಳ್ಳಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಇದು ಈ ಕಾಲದ ಚಿಂತೆಯೇ ಎಂದು ಭಾವಿಸುವುದು ಸರಿಯಲ್ಲ. ಸಂತಪುರ, ಭಾಲ್ಕಿಗಳ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಬೀದರದ ಮದರಸೆಯನ್ನು 1472ರಲ್ಲಿ ಕಟ್ಟಿಸಿದ ಬಹಮನೀ ಮಂತ್ರಿ ಮಹಮೂದ್ ಗವಾನನು ಇದೇ ವಿಷಯವನ್ನು ಕುರಿತು ಗ್ರಂಥವನ್ನು ರಚಿಸಿದ್ದನು.

ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದ ಗವಾನನು ಬೀದರದಲ್ಲಿ ಉನ್ನತ ಪದವಿಗೇರಿದನು. ಅವನ ‘ಮನಾಜಿರ್-ಉಲ್-ಇನ್ಶಾ’ ಫಾರಸಿ ಗದ್ಯ ಮತ್ತು ಪತ್ರರಚನೆಯ ಕೈಪಿಡಿ. ಬರೆಯುವವನ ಹಾಗೂ ಓದುವವನ ಅಂತಸ್ತಿಗೆ ತಕ್ಕಂತೆ ಪತ್ರದ ರೀತಿ ಬದಲಾಗಬೇಕೆಂಬುದು ಅದರ ಮುಖ್ಯ ತತ್ತ್ವಗಳಲ್ಲೊಂದು. ಈ ತತ್ತ್ವದ ಪ್ರಯೋಗವನ್ನು ‘ರಿಯಾಜ್-ಉಲ್-ಇನ್ಶಾ’ ಎಂಬ ಅವನ ಪತ್ರಸಂಗ್ರಹದಲ್ಲಿ ಕಾಣಬಹುದು. ತುರ್ಕಿಯ ಸುಲ್ತಾನ ಎರಡನೆಯ ಮಹಮ್ಮದನಿಗೂ ಹೆರಾತಿನ ಕವಿ ಜಾಮಿಗೂ ಬರೆದ ಪತ್ರಗಳು ಅದರಲ್ಲಿವೆ.

ಇಂಥ ಪತ್ರನಿಪುಣನ ಪ್ರಾಣವನ್ನು ಹರಿಸಿದುದೂ ಒಂದು ಪತ್ರವೇ. 17ನೆಯ ಶತಮಾನದ ಇತಿಹಾಸಕಾರ ಫರಿಷ್ತಾ ಈ ವೃತ್ತಾಂತವನ್ನು ವಿವರಿಸಿದ್ದಾನೆ. ವಿರೋಧಿಗಳು ಗವಾನನ ಮುದ್ರಾಧಿಕಾರಿಯನ್ನು ಒಲಿಸಿಕೊಂಡು, ಮದ್ಯದ ಅಮಲಿನಲ್ಲಿ ಬರಿಯ ಕಾಗದದ ಮೇಲೆ ಮುದ್ರೆಯೊತ್ತಿಸಿದರು. ಬಳಿಕ ಒಡಿಶಾದ ಅರಸನನ್ನು ದಂಡೆತ್ತಿ ಬರಲು ಆಹ್ವಾನಿಸುವ ಒಕ್ಕಣೆಯನ್ನು ಅದರಲ್ಲಿ ತುಂಬಿದರು. ಸುಲ್ತಾನ ಮೂರನೆಯ ಮಹಮ್ಮದನು ಕೇಳಿದಾಗ, ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂದು ಗವಾನನು ನುಡಿದನು. ಸುಲ್ತಾನನು ವಿಚಾರಣೆ ನಡೆಸಲಿಲ್ಲ. 1481ರಲ್ಲಿ ಗವಾನನ ಶಿರಚ್ಛೇದವಾಯಿತು. ಮರುವರ್ಷ ಸುಲ್ತಾನನೂ ಪಶ್ಚಾತ್ತಾಪದಲ್ಲಿ ತೀರಿಕೊಂಡನು. ಬಹಮನೀ ರಾಜ್ಯವು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಈ ಘಟನೆಯನ್ನು ಕೇವಲ ಪಕ್ಷದ್ವೇಷದ ಫಲವೆಂದು ಹೇಳಿ ಮುಗಿಸಲಾಗದು. ದಖನಿಗಳಿಗೂ ಪರದೇಶಿಗಳಿಗೂ ಇದ್ದ ವೈರವು ಒಳಸಂಚಿಗೆ ಕಾರಣವಾಯಿತೆಂಬುದು ನಿಜ. ಆದರೆ ಆ ಸಂಚು ಫಲಿಸಿದುದು ಆಡಳಿತದ ಎರಡು ದೋಷಗಳಿಂದ: ಮುದ್ರೆಗೆ ಕಾವಲಿರಲಿಲ್ಲ, ಪತ್ರವನ್ನು ಪರೀಕ್ಷಿಸುವ, ಆರೋಪಿತನ ಮಾತನ್ನು ಆಲಿಸುವ ಕ್ರಮವಿರಲಿಲ್ಲ. ಬರೆಯುವ ಕಲೆಯಲ್ಲಿ ಅದ್ವಿತೀಯನಾದವನಿಗೂ ಕೇಳುವ ಕಿವಿ ದೊರೆಯದಿದ್ದರೆ ಅವನ ಕಲೆಯು ನಿಷ್ಫಲ.

ಈ ನಾಡಿನ ಕಚೇರಿಗಳ ಭಾಷೆ ಮುಂದೆ ಹಲವು ಬಾರಿ ಬದಲಾಯಿತು. ನಿಜಾಮರ ಆಳ್ವಿಕೆಯಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತು; 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಕನ್ನಡವು ಬಂದಿತು. ಇಂದು ಸಂತಪುರದ ರೈತನು ತನ್ನ ಭಾಷೆಯಲ್ಲೇ ಅರ್ಜಿ ಬರೆಯಬಲ್ಲನು. ಅದನ್ನು ಓದಿ, ವಿಚಾರಿಸಿ, ಉತ್ತರಿಸುವ ಹೊಣೆಯು ಕಚೇರಿಯದು. ಗವಾನನ ಕೈಪಿಡಿಗಿಂತ ಅವನ ಮರಣವೇ ಈ ಹೊಣೆಯನ್ನು ನಮಗೆ ಹೆಚ್ಚು ಸ್ಪಷ್ಟವಾಗಿ ಬೋಧಿಸುತ್ತದೆಂದು ನಾವು ಭಾವಿಸುತ್ತೇವೆ.