ಕುಕ್ಕುಟಸರ್ಪ: ಪುರಾಣ, ಶಾಸನ ಮತ್ತು ಪೂಜಾವಿಧಿಗಳಲ್ಲಿ

ದೂಧಗಂಗಾ ವೇದಗಂಗಾ ನದಿಗಳ ಬಯಲಿನ ಬೇಡಕಿಹಾಳ, ಭೋಜ, ಸದಲಗಾ ಮೊದಲಾದ ಗ್ರಾಮಗಳಲ್ಲಿ ಜೈನರ ವಸತಿ ಪ್ರಾಚೀನವಾದುದು. ಪಾರ್ಶ್ವನಾಥನ ಚರಿತೆಯನ್ನು ಕೇಳಿ ಬೆಳೆದ ಶ್ರಾವಕರಿಗೆ ಕುಕ್ಕುಟಸರ್ಪವು ಅಪರಿಚಿತವಲ್ಲ. ಕೋಳಿಯ ತಲೆ, ಹಾವಿನ ಮೈ ಉಳ್ಳ ಈ ಘೋರಜಂತುವು ಕಾಡಿನಲ್ಲಿ ಎಲ್ಲಿಯೂ ಇಲ್ಲ. ಗ್ರಂಥಗಳಲ್ಲಿ ಮಾತ್ರ ಸುಸ್ಥಿರವಾಗಿ ನೆಲಸಿದೆ.

9ನೆಯ ಶತಮಾನದ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಕಮಠ, ಮರುಭೂತಿ ಎಂಬ ಸಹೋದರರ ಕಥೆ ಇದೆ. ಕಮಠನು ದ್ವೇಷದಿಂದ ತಮ್ಮನನ್ನು ಕೊಂದನು. ಮರುಭೂತಿಯು ವಜ್ರಘೋಷವೆಂಬ ಆನೆಯಾಗಿ ಹುಟ್ಟಿ ವ್ರತಧಾರಿಯಾಯಿತು. ಕಮಠನ ಜೀವವು ಕುಕ್ಕುಟಸರ್ಪವಾಗಿ ಬಂದು, ಕೆಸರಿನಲ್ಲಿ ಸಿಕ್ಕ ಆ ಆನೆಯನ್ನು ಕಚ್ಚಿತು. ಇದೇ ಚರಿತೆಯನ್ನು ಸವದತ್ತಿಯ ರಟ್ಟರ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು 13ನೆಯ ಶತಮಾನದ ಆದಿಯಲ್ಲಿ ಕನ್ನಡಿಸಿದನಾಗಿ, ಬೆಳಗಾವಿ ಸೀಮೆಗೆ ಈ ಕಥೆ ತನ್ನ ನಾಡಿನ ಕಬ್ಬವಾಗಿಯೂ ಸಂದಿದೆ.

ಶ್ರವಣಬೆಳ್ಗೊಳದಲ್ಲಿ ಕಥೆಯ ಮುಖವೇ ಬೇರೆ. ಸುಮಾರು 1180ರ ಬೊಪ್ಪಣಪಂಡಿತನ ಶಾಸನಕಾವ್ಯದಂತೆ, ಭರತನು ಪೌದನಪುರದಲ್ಲಿ 525 ಬಿಲ್ಲೆತ್ತರದ ಬಾಹುಬಲಿ ಬಿಂಬವನ್ನು ಮಾಡಿಸಿದನು. ಕಾಲಾಂತರದಲ್ಲಿ ಆ ಪ್ರದೇಶವನ್ನು ಕುಕ್ಕುಟಸರ್ಪಗಳು ಮುತ್ತಿದ್ದರಿಂದ ದೇವನಿಗೆ ಕುಕ್ಕುಟೇಶ್ವರನೆಂಬ ಹೆಸರಾಯಿತು. ಅದನ್ನು ಕಾಣಬಯಸಿದ ಚಾವುಂಡರಾಯನಿಗೆ ಆ ಸ್ಥಳ ದುರ್ಗಮವೆಂದು ತಿಳಿದು, ಅವನು ತಾನೇ ಮತ್ತೊಂದನ್ನು ಮಾಡಿಸಿದನು.

ಹೆಸರನ್ನು ಬಿಡಿಸಿ ಹೇಳಲು ಹುಟ್ಟಿದ ಕಥೆ ಇದೆಂದು ತಳ್ಳಿಹಾಕುವುದು ಸುಲಭ. ಆದರೆ ಬೊಪ್ಪಣನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆಯೇ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಈ ಮೂರ್ತಿಯನ್ನು ದಕ್ಷಿಣ ಕುಕ್ಕುಟಜಿನನೆಂದು ಕರೆದಿದ್ದಾರೆ. ‘ದಕ್ಷಿಣ’ ಎಂಬ ವಿಶೇಷಣವು ಉತ್ತರದ ಇನ್ನೊಂದನ್ನು ನೆನೆದೇ ಹುಟ್ಟಬೇಕು. ಗೊಮ್ಮಟ ಎಂಬುದು ಚಾವುಂಡರಾಯನದೇ ಹೆಸರೆಂದು ಸದಲಗಾದವರೇ ಆದ ಡಾ. ಆ. ನೇ. ಉಪಾಧ್ಯೆಯವರು ವಾದಿಸಿದ್ದರು. ಆ ಪಕ್ಷವನ್ನು ಒಪ್ಪಿದರೆ ಮೂರ್ತಿಯ ಪರಂಪರಾಗತ ಹೆಸರಾಗಿ ಉಳಿಯುವುದು ಕುಕ್ಕುಟಜಿನ ಎಂಬುದೇ.

ಇಲ್ಲಿ ಒಂದು ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಗುಣಭದ್ರರ ಕಮಠನೂ ಪೌದನಪುರದವನೇ. ಎರಡು ಕಥೆಗಳಿಗೂ ಊರು ಒಂದೇ, ಜಂತು ಒಂದೇ. ಆದ್ದರಿಂದ ಬೊಪ್ಪಣನ ಸರ್ಪಗಳು ಬರಿಯ ಕವಿಕಲ್ಪನೆಯಾಗಿರದೆ, ಆ ಊರಿಗೆ ಮೊದಲೇ ಅಂಟಿದ್ದ ಐತಿಹ್ಯದ ಇನ್ನೊಂದು ಕವಲೆಂದು ಊಹಿಸಲು ಆಸ್ಪದವುಂಟು. (ಪೌದನಪುರವನ್ನು ತೆಲಂಗಾಣದ ಬೋಧನವೆಂದು ಗುರುತಿಸುವವರಿದ್ದಾರೆ, ದಿಕ್ಕೇನೋ ಹೊಂದುತ್ತದೆ.)

ವಿಚಿತ್ರವೆಂದರೆ, ಪಾರ್ಶ್ವನ ಪೂರ್ವಭವದ ವೈರಿಯಾದ ಈ ಜಂತುವೇ ಪಾರ್ಶ್ವನ ಯಕ್ಷಿಗೆ ವಾಹನ. 11ನೆಯ ಶತಮಾನದಲ್ಲಿ ಮುಳಗುಂದದ ಮಲ್ಲಿಷೇಣರು ಭೈರವಪದ್ಮಾವತೀಕಲ್ಪದಲ್ಲಿ ದೇವಿಯನ್ನು ಹಾಗೆಯೇ ಧ್ಯಾನಿಸಿದ್ದಾರೆ. ಅಲ್ಲಿ ಪದರೂಪ ‘ಕುರ್ಕುಟ’. ರೇಫವನ್ನು ಲಿಪಿಕಾರನ ಪ್ರಮಾದವೆಂದು ತಿದ್ದಬಾರದು; ಎರಡೂ ರೂಪಗಳು ಸಾಧುವೇ. ಪದ್ಮಾವತಿಯ ಪೀಠದಲ್ಲಿ ಕಂಡ ವಾಹನವನ್ನು ಕೋಳಿಯೆಂದೋ ಹಂಸವೆಂದೋ ಸೂಚಿಯಲ್ಲಿ ನಮೂದಿಸುವ ಮುನ್ನ ಅದರ ಬಾಲವನ್ನು ಪರೀಕ್ಷಿಸುವುದು ಅವಶ್ಯ.